ಜಲಪಾತದ ಕಾಡು ಬಯಲುಸೀಮೆಗೂ ಬೇಕು

ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ತಳಕು ದಾಟಿದ ಮೇಲೆ ಬಿ.ಜಿ. ಕೆರೆ ಸಿಗುತ್ತದೆ. ಪೂರ್ಣ ಹೆಸರು ಬೊಮ್ಮಗೊಂಡನಕೆರೆ. ನಮ್ಮ ಕಡೆಯ ಅನೇಕ ಊರುಗಳಂತೆ ಇದರ ಹೆಸರಿನಲ್ಲೂ ಕೆರೆಯಿದೆ. ಆ ಕೆರೆಗಳಲ್ಲಿ ನೀರಿರುವುದು ಮಾತ್ರ ಮಳೆಯ ಮರ್ಜಿಗೆ ಬಿಟ್ಟ ವಿಷಯ. ವರ್ಷಕ್ಕೆ ಐನೂರು ಮಿಲಿಮೀಟರ್ ಆಸುಪಾಸಿನ ಮಳೆಯನ್ನು ನಂಬಿ ಶೇಂಗಾ ಬಿತ್ತುವ ಈ ಸೀಮೆಯಿಂದ ನಾವು ಕೆಲವು ಬಂಧುಗಳು ಸೇರಿ ಒಂದು ಅಕ್ಟೋಬರಿನಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆವು. ಉದ್ದೇಶ ಸರಳವಾದದ್ದು: ಜಲಪಾತ ನೋಡುವುದು.

ಕಳಸದಿಂದ ಕಾರ್ಕಳಕ್ಕೆ ಹೋಗುವ ರಸ್ತೆಯಲ್ಲಿ ಕಡಾಂಬಿ ಜಲಪಾತ ದಾರಿಯ ಪಕ್ಕದಲ್ಲೇ ಧುಮುಕುತ್ತದೆ. ಹನುಮನಗುಂಡಿಗೆ ಮಾತ್ರ ಮೆಟ್ಟಿಲು ಇಳಿದು ಕಾಡಿನೊಳಗೆ ಹೋಗಬೇಕು. ಸ್ಥಳೀಯರು ಇದನ್ನು ಸೂತನಬ್ಬೆ ಎಂದೂ ಕರೆಯುತ್ತಾರೆ. ಸುಮಾರು ನೂರಡಿ ಎತ್ತರದಿಂದ ಬಂಡೆಯ ಮೇಲೆ ಬೀಳುವ ನೀರಿನ ತುಂತುರು ಮೆಟ್ಟಿಲ ಮೇಲೆ ನಿಂತವರ ಮುಖಕ್ಕೂ ಸಿಡಿಯುತ್ತಿತ್ತು. ಹುಡುಗರು ಮೊಬೈಲ್ ಎತ್ತಿ ಹಿಡಿದರು. ಎಪ್ಪತ್ತು ದಾಟಿದ ನಮ್ಮ ಸೋದರಮಾವ ಬಹಳ ಹೊತ್ತು ಸುಮ್ಮನೆ ನಿಂತಿದ್ದು, ಕೊನೆಗೆ ಅಲ್ಲಿದ್ದ ಅರಣ್ಯ ಕಾವಲುಗಾರನನ್ನು ಕೇಳಿದ ಪ್ರಶ್ನೆ ಒಂದೇ: ‘ಬೇಸಿಗೆಯಲ್ಲಿ ನಿಂತುಹೋಗುತ್ತದೆಯೇ?’ ‘ಸಣ್ಣದಾಗುತ್ತದೆ, ನಿಲ್ಲುವುದಿಲ್ಲ’ ಎಂದ ಆತ. ಮಾವನಿಗೆ ಆ ಉತ್ತರದ ಮೇಲೆ ನಂಬಿಕೆ ಬರಲಿಲ್ಲ. ಮಳೆ ನಿಂತ ಮೂರನೆಯ ದಿನಕ್ಕೆ ಹಳ್ಳ ಒಣಗುವುದನ್ನು ಬದುಕಿನುದ್ದಕ್ಕೂ ಕಂಡವರಿಗೆ ಫೆಬ್ರುವರಿಯಲ್ಲೂ ಹರಿಯುವ ತೊರೆ ಎಂಬುದು ಸುಲಭವಾಗಿ ಒಪ್ಪಬಹುದಾದ ಮಾತಲ್ಲ.

ಆದರೆ ಜಲಪಾತದ ಬಗ್ಗೆ ಕೇಳಬೇಕಾದ ಪ್ರಶ್ನೆ ಅದೇ ಎಂದು ನನಗೆ ಆಮೇಲೆ ಅನ್ನಿಸಿತು. ಜುಲೈ ತಿಂಗಳಲ್ಲಿ ಬೋರ್ಗರೆಯುವುದು ದೊಡ್ಡ ವಿಷಯವಲ್ಲ. ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಸುರಿಯುವಲ್ಲಿ ಬೋಳು ಬಂಡೆಯೂ ಬೋರ್ಗರೆಯುತ್ತದೆ. ಆ ಮಳೆಯ ಒಂದಂಶವನ್ನು ಹಿಡಿದಿಟ್ಟುಕೊಂಡು ತಿಂಗಳುಗಟ್ಟಲೆ ಸಣ್ಣಗೆ ಬಿಡುವುದು ಅಲ್ಲಿನ ಮಣ್ಣಿನ ಕೆಲಸ. ಕಣಿವೆಗಳ ಮಡಿಲಲ್ಲಿ ಶೋಲಾ ಕಾಡು, ಮೇಲೆ ಹುಲ್ಲುಗಾವಲು: ಇದು ಕುದುರೆಮುಖದ ರಚನೆ. ತರಗೆಲೆ ಹೊದ್ದ, ಬೇರು ಹೆಣೆದ ಮಣ್ಣು ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಹೊದಿಕೆ ಹೋದ ಇಳಿಜಾರು ಅದೇ ನೀರನ್ನು ಕೆಸರಿನೊಡನೆ ಒಂದೇ ದಿನಕ್ಕೆ ಕೆಳಗೆ ತಳ್ಳಿಬಿಡುತ್ತದೆ. ಕಾಡು ಮಳೆಯನ್ನು ತರುತ್ತದೆಯೇ ಎಂಬುದರ ಬಗ್ಗೆ ತಜ್ಞರ ನಡುವೆ ಚರ್ಚೆಯಿರಬಹುದು. ಬಂದ ಮಳೆಯನ್ನು ಅದು ಮಣ್ಣಿಗೆ ಇಂಗಿಸುತ್ತದೆ ಎಂಬುದರಲ್ಲಿ ಅಷ್ಟು ಸಂದೇಹವಿಲ್ಲ.

ಇದು ಬಿ.ಜಿ. ಕೆರೆಯವರಿಗೆ ಏಕೆ ಬೇಕು? ಇದೇ ಉದ್ಯಾನದ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆ. ನೇತ್ರಾವತಿ ಪಡುವಣಕ್ಕೆ ಇಳಿದು ಅರಬ್ಬೀ ಸಮುದ್ರ ಸೇರುತ್ತದೆ. ಭದ್ರೆ ಕಳಸ, ಬಾಳೆಹೊನ್ನೂರುಗಳನ್ನು ಹಾಯ್ದು ಲಕ್ಕವಳ್ಳಿಯ ಅಣೆಕಟ್ಟಿಗೆ ಬರುತ್ತದೆ. ಅಲ್ಲಿಂದ ಮುಂದೆ ಕೂಡಲಿಯಲ್ಲಿ ತುಂಗೆಯನ್ನು ಸೇರಿ ತುಂಗಭದ್ರೆಯಾಗುತ್ತದೆ. ನಮ್ಮ ಮೊಳಕಾಲ್ಮೂರಿನ ಚಿನ್ನಹಗರಿಯ ನೀರೂ ವೇದಾವತಿಯ ಮೂಲಕ ಕೊನೆಗೆ ಹೋಗಿ ಸೇರುವುದು ಆ ತುಂಗಭದ್ರೆಯನ್ನೇ. ಭೂಪಟದಲ್ಲಿ ನಾವು ಮೊದಲಿಂದಲೂ ಒಂದೇ ನದಿಯ ಮಕ್ಕಳು.

ಈಗ ಸಂಬಂಧ ಭೂಪಟಕ್ಕಷ್ಟೇ ಸೀಮಿತವಾಗಿಲ್ಲ. ಭದ್ರಾ ಮೇಲ್ದಂಡೆ ಯೋಜನೆಗೆ ಹಂಚಿಕೆಯಾಗಿರುವುದು 29.9 ಟಿಎಂಸಿ ಅಡಿ ನೀರು. ತುಂಗೆಯಿಂದ ಭದ್ರೆಗೆ 17.4 ಟಿಎಂಸಿ ಎತ್ತಿ, ಅಲ್ಲಿಂದ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2.25 ಲಕ್ಷ ಹೆಕ್ಟೇರ್‌ಗೆ ಹರಿಸುವುದು, 367 ಕೆರೆ ತುಂಬಿಸುವುದು ಅದರ ಗುರಿ. 2023–24ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಆ ಹಣ ಕೇಂದ್ರ–ರಾಜ್ಯಗಳ ಹಗ್ಗಜಗ್ಗಾಟದ ವಸ್ತುವಾದದ್ದು ಬೇರೆ ಮಾತು. ಇನ್ನೊಂದೆಡೆ, ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಹಲ್ಲು, ಮೂಳೆ ಕೆಡಿಸಿಕೊಂಡ ಮೊಳಕಾಲ್ಮೂರು, ಚಳ್ಳಕೆರೆ, ಪಾವಗಡ, ಕೂಡ್ಲಿಗಿ ತಾಲ್ಲೂಕುಗಳ ಹಳ್ಳಿಗಳಿಗಾಗಿ ತುಂಗಭದ್ರಾ ಹಿನ್ನೀರಿನ ಬಹುಗ್ರಾಮ ಕುಡಿಯುವ ನೀರಿನ ಯೋಜನೆ ರೂಪುಗೊಂಡಿತು. ಅಂದರೆ ನಮ್ಮ ಮಕ್ಕಳ ಲೋಟದ ನೀರಿನ ಒಂದು ಪಾಲು ಆ ಶೋಲಾ ಕಾಡಿನಿಂದ ಬರಬೇಕಾದದ್ದು.

ನೀರಿಗಾಗಿ ನಮ್ಮ ಜಿಲ್ಲೆಯ ಜನ ದಶಕಗಳಿಂದ ಹೋರಾಡಿದ್ದಾರೆ. ಆ ಹೋರಾಟದ ಬಗ್ಗೆ ನನಗೆ ಹೆಮ್ಮೆಯಿದೆ. 1933ರ ಬಳಿಕ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಸುತ್ತಲ ಸೀಮೆಯ ಜನ ಜಾತ್ರೆಯಂತೆ ನೆರೆದದ್ದನ್ನು ಮರೆಯಲಾಗದು. ನಮ್ಮ ಪಾಲಿನ ಜಲಪಾತ ಅದೇ. ಆದರೂ ಒಂದು ಮಾತು ಹೇಳಲೇಬೇಕು. ನಾನು ಕಂಡ ಮನವಿಪತ್ರಗಳಲ್ಲಿ, ಕೇಳಿದ ಭಾಷಣಗಳಲ್ಲಿ ಕಾಲುವೆಯಿದೆ, ಪಂಪಿದೆ, ಅನುದಾನವಿದೆ. ನೀರು ಹುಟ್ಟುವ ಕಾಡಿನ ಬಗ್ಗೆ ಒಂದು ಸಾಲೂ ಇಲ್ಲ. ಅದು ಮಲೆನಾಡಿನವರ ತಲೆನೋವು, ಪರಿಸರವಾದಿಗಳ ಹವ್ಯಾಸ ಎಂಬಂತೆ ನಡೆದುಕೊಂಡಿದ್ದೇವೆ.

ಈ ಅಲಕ್ಷ್ಯದ ಬೆಲೆ ಎಷ್ಟೆಂಬುದಕ್ಕೆ ಹೊಸಪೇಟೆಯ ತುಂಗಭದ್ರಾ ಜಲಾಶಯವನ್ನು ನೋಡಬಹುದು. ಆರಂಭದಲ್ಲಿ ಅದರ ಸಾಮರ್ಥ್ಯ 133 ಟಿಎಂಸಿ ಅಡಿ. ಹೂಳು ತುಂಬಿ ಈಗ ಉಳಿದಿರುವುದು ಸುಮಾರು 105. ಕಳೆದುಕೊಂಡದ್ದು ಹೆಚ್ಚುಕಡಿಮೆ ಇಡೀ ಭದ್ರಾ ಮೇಲ್ದಂಡೆಗೆ ನಾವು ಪಡೆದಷ್ಟು ನೀರಿನ ಜಾಗ! ಆ ಹೂಳಿನಲ್ಲಿ ಹೊಲದ ಮಣ್ಣಿದೆ, ಗಣಿಯ ಮಣ್ಣಿದೆ, ಬೋಳಾದ ಗುಡ್ಡಗಳ ಮಣ್ಣಿದೆ. ಕುದುರೆಮುಖದಲ್ಲೇ ಭದ್ರೆಯ ನೆತ್ತಿಯ ಮೇಲೆ ದಶಕಗಳ ಕಾಲ ಕಬ್ಬಿಣದ ಅದಿರು ಅಗೆಯಲಾಯಿತು. 1987ರಲ್ಲಿ ರಾಷ್ಟ್ರೀಯ ಉದ್ಯಾನದ ಘೋಷಣೆಯಾದ ಮೇಲೂ ಗಣಿ ನಿಲ್ಲಲಿಲ್ಲ. ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು, 2005ರ ಕೊನೆಗೆ ಗಣಿ ಮುಚ್ಚಿತು. ಅದರಿಂದ ನೆಲೆ ತಪ್ಪಿದ ಕಾರ್ಮಿಕ ಕುಟುಂಬಗಳ ಸಂಕಟ ಸಣ್ಣದಲ್ಲ. ಅದಿರು ತೊಳೆದ ಕೆಸರನ್ನು ಹಿಡಿದಿಟ್ಟ ಲಕ್ಯಾ ಅಣೆಕಟ್ಟು ಇಂದಿಗೂ ಅಲ್ಲಿ ನಿಂತಿದೆ. ಚಿಣ್ಣಪ್ಪನವರು 2024ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ನಮ್ಮ ಸೀಮೆಯಲ್ಲಿ ಅವರನ್ನು ನೆನೆದ ಒಂದು ಸಭೆ ನಡೆದದ್ದೂ ನನಗೆ ಕಾಣಲಿಲ್ಲ. ಅವರು ಕಾದದ್ದು ನಮ್ಮ ನೀರನ್ನೂ ಎಂಬುದು ನಮಗೇ ತಿಳಿದಿರಲಿಲ್ಲ.

ಪ್ರವಾಸಿಗರ ವಿಷಯಕ್ಕೆ ಬರೋಣ. ನಾವು ಹೋದ ದಿನ ಕಡಾಂಬಿಯ ಬಳಿ ವಾಹನಗಳ ಸಾಲು; ಚಿಪ್ಸ್ ಪೊಟ್ಟಣ, ಬಿಯರ್ ಬಾಟಲಿಯ ಚೂರು. ಜಲಪಾತವನ್ನು ಹಿನ್ನೆಲೆಯಾಗಿಸಿ ತೆಗೆಸಿಕೊಂಡ ಚಿತ್ರದಲ್ಲಿ ಇವು ಬರುವುದಿಲ್ಲ. 2024ರಲ್ಲಿ ಅರಣ್ಯ ಇಲಾಖೆ ಚಾರಣಪಥಗಳಿಗೆ ಆನ್‌ಲೈನ್ ನೋಂದಣಿ, ದಿನಕ್ಕಿಷ್ಟೇ ಜನ ಎಂಬ ಮಿತಿ ತಂದಾಗ ಗೊಣಗಿದವರಲ್ಲಿ ನನ್ನ ಪರಿಚಿತರೂ ಇದ್ದರು. ರಸ್ತೆಬದಿಯ ಜಲಪಾತಗಳಿಗೂ ವಾರಾಂತ್ಯದಲ್ಲಿ ಅಂಥ ಮಿತಿ ಬರಲಿ ಎನ್ನುವವನು ನಾನು. ಆದರೆ ಕಸವೊಂದನ್ನೇ ಹಿಡಿದು ಮಾತಾಡಿದರೆ ದೊಡ್ಡ ವಿಷಯ ತಪ್ಪುತ್ತದೆ. ಬೇಸಿಗೆಯಲ್ಲಿ ಹುಲ್ಲುಗಾವಲಿಗೆ ಬೀಳುವ ಬೆಂಕಿ, ರಸ್ತೆಗಾಗಿ ಕಡಿದ ಇಳಿಜಾರಿನ ಕುಸಿತ, ನಡಿಗೆ ಕಾವಲುಗಾರರಿಗೆ ಸಿಗುವ ಅಲ್ಪ ಸಂಬಳ: ಬಯಲಿನ ಜನಪ್ರತಿನಿಧಿಗಳು ವಿಧಾನಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು. ಕಾಲುವೆಗೆ ಸುರಿಯುವ ಸಾವಿರಾರು ಕೋಟಿಯಲ್ಲಿ ಒಂದು ಸಣ್ಣ ಪಾಲನ್ನು ಪ್ರತಿವರ್ಷ ಈ ಜಲಾನಯನದ ರಕ್ಷಣೆಗೆ ಮೀಸಲಿಡಿ ಎಂದು ಚಿತ್ರದುರ್ಗದವರೇ ಒತ್ತಾಯಿಸಿದರೆ ಅದಕ್ಕೆ ಬೇರೆಯದೇ ತೂಕವಿರುತ್ತದೆ. ಹಾಗೆಂದು ಬಯಲಿನ ನೀರಿಗಾಗಿ ಕಾಡಿನೊಳಗಿನ ಬಡ ಕುಟುಂಬಗಳನ್ನು ಒಕ್ಕಲೆಬ್ಬಿಸಿ ಎಂದು ನಾನು ಹೇಳುತ್ತಿಲ್ಲ. ಆ ಕಾವಲಿನ ಕೆಲಸಕ್ಕೆ ಅವರಿಗಿಂತ ಅರ್ಹರು ಯಾರೂ ಇಲ್ಲ.

ಇನ್ನು ನಮ್ಮದೇ ಅಂಗಳದ ಮಾತು. ಬಂದ ನೀರನ್ನು ತುಂಬಿಸಬೇಕಾದ ಕೆರೆಗಳಲ್ಲಿ ಎಷ್ಟೋ ಕೆರೆಗಳ ಅಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆದು ನಿಂತಿದೆ. ನೀರು ತರುವ ಹಳ್ಳಗಳು ಒತ್ತುವರಿಯಾಗಿವೆ. ಮಲೆನಾಡಿನವರು ‘ನಿಮ್ಮ ಕೆರೆಯನ್ನು ಮೊದಲು ನೋಡಿಕೊಳ್ಳಿ’ ಎಂದರೆ ನಮ್ಮಲ್ಲಿ ಉತ್ತರವಿಲ್ಲ.

ಊರಿಗೆ ಮರಳಿದ ಮೇಲೆ ಮಾವ ಕಟ್ಟೆಯ ಮೇಲೆ ಕುಳಿತು ಜಲಪಾತದ ವರ್ಣನೆ ಮಾಡಿದರೆಂದು ಕೇಳಿದೆ. ಎತ್ತರ, ಸದ್ದು, ಮಂಜು ಎಲ್ಲವನ್ನೂ ಹೇಳಿ, ಬೇಸಿಗೆಯಲ್ಲೂ ಹರಿಯುತ್ತದಂತೆ ಎಂದು ಸೇರಿಸಿದಾಗ ಕೇಳುಗರಲ್ಲಿ ಒಬ್ಬರು ನಕ್ಕರಂತೆ. ಫೆಬ್ರುವರಿಯಲ್ಲಿ ಇನ್ನೊಮ್ಮೆ ಹೋಗಿ ಕಣ್ಣಾರೆ ನೋಡಿ ಬರೋಣ, ಈ ಸಲ ನಕ್ಕವನನ್ನೂ ಕರೆದುಕೊಂಡು ಹೋಗೋಣ ಎಂಬುದು ಅವರ ಹಟ. ಟೆಂಪೊದವನಿಗೆ ಹೇಳಿಟ್ಟಿದ್ದೇನೆ.