ಓವನ್‌ಗೆ ಇಡೋ ಮುಂಚೆ ಒಂದ್ಸಲ ಪ್ಲೇ ಮಾಡಿ

ಹಳೇ ರೆಕಾರ್ಡಿನಿಂದ ಬಟ್ಟಲು ಮಾಡೋದು ತುಂಬಾ ಸುಲಭ. ಓವನ್ ಒಳಗೆ ಒಂದು ಸ್ಟೀಲ್ ಪಾತ್ರೆಯನ್ನು ಬೋರಲು ಹಾಕಿ, ಅದರ ಮೇಲೆ ರೆಕಾರ್ಡ್ ಇಟ್ಟು, ಸುಮಾರು 95 ಡಿಗ್ರಿಯಲ್ಲಿ ಕೆಲವೇ ನಿಮಿಷ ಬಿಟ್ಟರೆ ಅದು ದೋಸೆ ಥರ ಮೆತ್ತಗಾಗಿ ಬಾಗುತ್ತೆ. ತಕ್ಷಣ ಹೊರಗೆ ತೆಗೆದು ಅಂಚನ್ನು ಅಲೆ ಅಲೆಯಾಗಿ ಒತ್ತಿದರೆ, ಆರಿದ ಮೇಲೆ ಗಟ್ಟಿ. ನಡುವೆ ಬಣ್ಣದ ಲೇಬಲ್ ಹಾಗೇ ಉಳಿಯೋದ್ರಿಂದ ನೋಡೋಕೂ ಚೆನ್ನಾಗಿರುತ್ತೆ. ಕೀ, ಇಯರ್‌ಫೋನ್, ಚಿಲ್ಲರೆ ಹಾಕಿಡಬಹುದು. (ಸಾರು ಹಾಕೋ ಹಾಗಿಲ್ಲ. ಮಧ್ಯದಲ್ಲಿ ತೂತಿದೆ, ಮೇಲಾಗಿ ಅದು ಪಿವಿಸಿ.) ಈ ಸಲದ ರಾಜ್ಯೋತ್ಸವಕ್ಕೆ ಸಂಘದ ಸ್ಟಾಲ್‌ನಲ್ಲಿ ಇವನ್ನೇ ಮಾರೋಣ, ಅದೂ ಹಳೇ ಕನ್ನಡ ರೆಕಾರ್ಡುಗಳಿಂದಲೇ ಮಾಡೋಣ, ಥೀಮ್‌ಗೂ ಸರಿಹೋಗುತ್ತೆ ಅಂತ ಒಂದು ಸಲಹೆ ಬಂದಿದೆ.

ಸೆಕೆಂಡ್ ಇಯರ್‌ನ ನಾವು ಕೆಲವರು ಇದಕ್ಕೊಂದು ಷರತ್ತು ಹಾಕ್ತಿದ್ದೀವಿ. ಬಟ್ಟಲು ಬೇಡ ಅಂತ ನಾವು ಹೇಳ್ತಿಲ್ಲ. ಕನ್ನಡದ ರೆಕಾರ್ಡ್ ಯಾವುದೇ ಇರಲಿ, ಅದರಲ್ಲಿರೋ ದನಿಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳದೆ ಅದು ಓವನ್ ಬಾಗಿಲು ದಾಟಬಾರದು. ಅಷ್ಟೇ.

ಯಾಕೆ ಅಂತ ನಮ್ಮ ಭಾಷೆಯಲ್ಲೇ ಹೇಳ್ತೀವಿ. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ ಗ್ಲಾಸ್ ಟ್ರಾನ್ಸಿಷನ್ ಟೆಂಪರೇಚರ್ ನೆನಪಿದೆಯಲ್ಲ, ಪಿವಿಸಿಗೆ ಅದು ಹೆಚ್ಚುಕಮ್ಮಿ 80 ಡಿಗ್ರಿ. ಅದನ್ನು ದಾಟಿದ ಕೂಡಲೇ ಪ್ಲಾಸ್ಟಿಕ್ ಸಡಿಲವಾಗುತ್ತೆ. ಆ ಪ್ಲಾಸ್ಟಿಕ್ ಮೇಲೆ ಏನಿದೆ ನೋಡಿ. 12 ಇಂಚಿನ ಎಲ್‌ಪಿಯ ಒಂದು ಮಗ್ಗುಲು 20 ನಿಮಿಷ ಓಡುತ್ತೆ ಅಂತ ಇಟ್ಟುಕೊಳ್ಳಿ. ನಿಮಿಷಕ್ಕೆ ಮೂವತ್ತಮೂರೂ ಚಿಲ್ಲರೆ ಸುತ್ತಿನಂತೆ ಸುಮಾರು 667 ಸುತ್ತು. ಸರಾಸರಿ ತ್ರಿಜ್ಯ 10 ಸೆಂಟಿಮೀಟರ್ ಹಿಡಿದು ಲೆಕ್ಕ ಹಾಕಿದರೆ ಒಂದೇ ಗೆರೆ 400 ಮೀಟರಿಗಿಂತ ಉದ್ದ. ಓಟದ ಟ್ರ್ಯಾಕಿನ ಒಂದು ಪೂರ್ತಿ ಸುತ್ತು! ಕೂದಲೆಳೆಯಷ್ಟು ಅಗಲದ ಆ ಗೆರೆಯ ಗೋಡೆಗಳ ಅಂಕುಡೊಂಕೇ ಹಾಡು. ಬಟ್ಟಲನ್ನು ಮತ್ತೆ ಬಿಸಿ ಮಾಡಿ ಚಪ್ಪಟೆ ಮಾಡಬಹುದು, ಥರ್ಮೋಪ್ಲಾಸ್ಟಿಕ್ ಅಲ್ವಾ. ಆದರೆ ಹಿಗ್ಗಿ ಹೋದ ಆ ಅಂಕುಡೊಂಕು ವಾಪಸ್ ಬರಲ್ಲ. ಬ್ಯಾಕಪ್ ಇಲ್ಲದೆ ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡೋರನ್ನ ನಮ್ಮ ಹಾಸ್ಟೆಲ್‌ನಲ್ಲಿ ಏನಂತ ಕರೀತಾರೆ ಅಂತ ಇಲ್ಲಿ ಬರೆಯೋದು ಬೇಡ.

"ಸ್ಕ್ರಾಚ್ ಆಗಿರೋದನ್ನ ಮಾತ್ರ ತಗೊಳ್ತೀವಿ, ಅದು ಹೇಗೂ ಸತ್ತಿದೆ" ಅನ್ನೋ ಮಾತು ಕೇಳಿಬಂತು. ಹಾಗೇನಿಲ್ಲ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಲ್ಯಾಬ್‌ನಲ್ಲಿ ಕಾರ್ಲ್ ಹೇಬರ್ ಅನ್ನೋ ಭೌತವಿಜ್ಞಾನಿ ಮತ್ತವರ ಜೊತೆಗಾರರು ಸೂಜಿಯನ್ನೇ ಮುಟ್ಟಿಸದೆ, ಗೆರೆಗಳ ಫೋಟೋ ತೆಗೆದು, ಸಾಫ್ಟ್‌ವೇರಿನಿಂದ ದನಿ ಹೊರಡಿಸೋ ವಿಧಾನ ಕಂಡುಹಿಡಿದರು. ಕಣಭೌತಶಾಸ್ತ್ರದ ಪ್ರಯೋಗಗಳಲ್ಲಿ ಬಳಸೋ ಇಮೇಜಿಂಗ್ ತಂತ್ರವನ್ನೇ ಇಲ್ಲಿಗೆ ತಂದದ್ದು. 1860ರಲ್ಲಿ ಪ್ಯಾರಿಸ್‌ನಲ್ಲಿ ಮಸಿ ಹಿಡಿಸಿದ ಕಾಗದದ ಮೇಲೆ ಗೀಚಿಕೊಂಡಿದ್ದ ಒಂದು ಹಾಡನ್ನು 2008ರಲ್ಲಿ ಹೀಗೇ ಜನ ಕೇಳಿದರು. ಅದನ್ನು ಗೀಚಿದವರ ಹತ್ತಿರವೂ ಪ್ಲೇ ಮಾಡೋ ಮೆಷೀನ್ ಇರಲಿಲ್ಲ! ಕಾಗದದ ಗೆರೆಯಿಂದಲೇ ದನಿ ಬರೋದಾದರೆ, ಗೀರು ಬಿದ್ದ ರೆಕಾರ್ಡನ್ನು ಸತ್ತಿದೆ ಅಂತ ಘೋಷಿಸೋಕೆ ನಾವ್ಯಾರು.

ಇನ್ನೊಂದು ವಾದ, "ಎಲ್ಲಾ ಯೂಟ್ಯೂಬ್‌ನಲ್ಲಿ ಸಿಗುತ್ತೆ." ರಾಜ್‌ಕುಮಾರ್ ಸಿನಿಮಾ ಹಾಡು ಸಿಗುತ್ತೆ, ಒಪ್ಪಿದ್ವಿ. ಆದರೆ ಕನ್ನಡದ ಮೊದಲ ಟಾಕಿ, 1934ರ 'ಸತಿ ಸುಲೋಚನ', ಯೂಟ್ಯೂಬ್ ಇರಲಿ, ಎಲ್ಲೂ ಸಿಗಲ್ಲ. ಪ್ರಿಂಟೇ ಉಳಿದಿಲ್ಲ. ಸಿನಿಮಾದ ಮೊದಲ ಪಾಠವನ್ನೇ ಕಳೆದುಕೊಂಡಿರೋ ನಾವು "ಯಾರಾದ್ರೂ ಇಟ್ಟಿರ್ತಾರೆ ಬಿಡು" ಅನ್ನೋದು ಸ್ವಲ್ಪ ಜಾಸ್ತಿಯಾಯ್ತು. ಕಂಪನಿ ನಾಟಕದ ಹಾಡು, ಹರಿಕಥೆ, ಕಾಳಿಂಗರಾಯರ ಭಾವಗೀತೆ ಎಲ್ಲಾ ಬಂದಿದ್ದು 78 ಆರ್‌ಪಿಎಂ ತಟ್ಟೆಗಳಲ್ಲಿ, ಮಗ್ಗುಲಿಗೆ ಮೂರು ಮೂರೂವರೆ ನಿಮಿಷದಂತೆ. ಅವು ವಿನೈಲ್ ಕೂಡ ಅಲ್ಲ. ಚನ್ನಪಟ್ಟಣದ ಗೊಂಬೆಗೆ ಹಚ್ಚುತ್ತಾರಲ್ಲ, ಆ ಅರಗಿಗೆ ಕಲ್ಲಿನ ಪುಡಿ ಸೇರಿಸಿ ಒತ್ತಿದ್ದು. ಕೈಜಾರಿದರೆ ಹಂಚಿನ ಥರ ಚೂರು. ಅರಗಿನ ಮನೆಯಿಂದ ಪಾಂಡವರು ಸುರಂಗ ಹಿಡಿದು ಪಾರಾದರು, ಈ ಹಾಡುಗಳಿಗೆ ಸುರಂಗ ತೋಡೋರು ನಾವೇ ಆಗಬೇಕು.

ನಮ್ಮಲ್ಲಿ ಬಹಳ ಜನ ಇಂಗ್ಲಿಷ್ ಮೀಡಿಯಂನವರು. ಕನ್ನಡ ನಮಗೆ ಮನೆಯ ಮಾತು, ಸಿನಿಮಾ ಡೈಲಾಗ್, ಇಲ್ಲಾಂದ್ರೆ ಸೆಕೆಂಡ್ ಲ್ಯಾಂಗ್ವೇಜ್ ಪೇಪರ್. ತೊಂಬತ್ತು ವರ್ಷದ ಹಿಂದೆ ಒಬ್ಬ ನಟಿ ಕನ್ನಡವನ್ನು ಹೇಗೆ ಉಚ್ಚರಿಸ್ತಿದ್ದಳು, ಎಲ್ಲಿ ಎಳೀತಿದ್ದಳು, ಎಲ್ಲಿ ನುಂಗ್ತಿದ್ದಳು ಅನ್ನೋದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಇರೋದು ಆ ಗೆರೆಯಲ್ಲಿ. ಲೇಬಲ್ ಮೇಲೆ 'ಕ್ಯಾನರೀಸ್' ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿರೋದನ್ನ ನೋಡಿ ಇದ್ಯಾವುದೋ ಹಕ್ಕಿಯ ಹೆಸರು ಅಂದುಕೊಂಡು ಬಟ್ಟಲು ಮಾಡಿಬಿಡೋ ಅಪಾಯ ನಮ್ಮಂಥವರಿಂದಲೇ ಹೆಚ್ಚು.

ರೆಕಾರ್ಡಿಗೆ ಬೆಲೆ ಕೊಡೋದು ಈ ಊರಿಗೇನೂ ಹೊಸದಲ್ಲ. 1902ರಲ್ಲಿ ಕಲ್ಕತ್ತಾದಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ಕೊನೆಗೆ ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಅಲ್ಲೇ ತೀರಿಕೊಂಡರು. ಜಯಚಾಮರಾಜ ಒಡೆಯರಂತೂ ಲಂಡನ್‌ನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರನ ಕೃತಿಗಳನ್ನು ರೆಕಾರ್ಡ್ ಮಾಡಿಸೋಕೆ 1940ರ ದಶಕದಲ್ಲಿ ಹಣ ಕೊಟ್ಟರು. ಮೆಟ್ನರ್ ಆಗ ಮುದುಕ, ಕಾಯಿಲೆ ಬೇರೆ. ತನ್ನ ಮೂರನೇ ಪಿಯಾನೊ ಕನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೇ ಅರ್ಪಿಸಿದ. 1951ರಲ್ಲಿ ಹೋಗಿಬಿಟ್ಟ. ಅವನ ಕೈಯಲ್ಲೇ ಆ ಸಂಗೀತವನ್ನು ಇವತ್ತೂ ಕೇಳಬಹುದು ಅಂದ್ರೆ ಅದಕ್ಕೆ ಮೈಸೂರಿನ ದುಡ್ಡೂ ಕಾರಣ. ಎಲ್ಲಿಯ ರಷ್ಯಾ, ಎಲ್ಲಿಯ ಮೈಸೂರು!

ನಮಗೆ ರಾಜನ ಖಜಾನೆ ಬೇಕಾಗಿಲ್ಲ. ಒಂದು ಯುಎಸ್‌ಬಿ ಟರ್ನ್‌ಟೇಬಲ್, 78ರ ಅಗಲ ಗೆರೆಗೆ ಹೊಂದೋ ಬೇರೆ ಸೂಜಿ (ಎಲ್‌ಪಿ ಸೂಜಿ ಅದರ ತಳಕ್ಕೆ ಬಿದ್ದು ಬರೀ ಗರಗರ ಅನ್ನುತ್ತೆ), ಬಿಟ್ಟಿ ಸಿಗೋ ಆಡಾಸಿಟಿ, ಸಾಕು. ಇಳಿಸಿಕೊಳ್ಳುವಾಗ ನಾಯ್ಸ್ ರಿಡಕ್ಷನ್ ಹಾಕಬೇಡಿ, ಕಚ್ಚಾ ಫೈಲ್ ಮೊದಲು ಉಳಿಸಿ. ಲೇಬಲ್‌ನ ಎರಡೂ ಮಗ್ಗುಲಿನ ಫೋಟೋ, ಹಾಡು ಮುಗಿದ ಮೇಲಿನ ಖಾಲಿ ಜಾಗದಲ್ಲಿ ಕೆತ್ತಿರೋ ನಂಬರ್, ಇವನ್ನೂ ಬರೆದಿಡಿ. ಎಷ್ಟು ಇಳಿಸಿಕೊಂಡರೂ 78ರ ತಟ್ಟೆಗಳನ್ನಂತೂ ಬಟ್ಟಲು ಮಾಡೋದು ಬೇಡ, ಅವು ಹಾಗೇ ಇರಲಿ. ಬಟ್ಟಲಿಗೆ ಮನೆಮನೆಯಲ್ಲೂ ಬಿದ್ದಿರೋ ಹಿಟ್ ಸಿನಿಮಾಗಳ ಎಲ್‌ಪಿ ಸಾಲದೇ?

ಸಂಡೇ ಬಜಾರಿಂದಲೋ ಅಜ್ಜಿ ಮನೆ ಅಟ್ಟದಿಂದಲೋ ರೆಕಾರ್ಡ್ ತರೋರು ಅಡ್ಡಡ್ಡ ಪೇರಿಸಿ ತರಬೇಡಿ, ಪುಸ್ತಕದ ಥರ ನಿಲ್ಲಿಸಿ ತನ್ನಿ. ಬಿಸಿಲಲ್ಲಿ ನಿಲ್ಲಿಸಿದ ಕಾರಲ್ಲಂತೂ ಬಿಡಲೇಬೇಡಿ, ಓವನ್ ಕೆಲಸವನ್ನು ಕಾರೇ ಮುಗಿಸಿಬಿಡುತ್ತೆ. ಟರ್ನ್‌ಟೇಬಲ್ ಇರೋ ಅಂಕಲ್ ಯಾರಾದರೂ ನಿಮ್ಮ ಪರಿಚಯದಲ್ಲಿದ್ದರೆ ಸಂಘದ ಗ್ರೂಪಲ್ಲಿ ಹೇಳಿ.