ಡಾಕ್ಟರಿಕೆಯ ದಾರಿ ಕಾಲೇಜಿನಲ್ಲೇ ಇದೆ

ಗಿರಣಿ ಕಾರ್ಮಿಕನ ಮಗಳು, ಕಿರಾಣಿ ಅಂಗಡಿಯವನ ಮಗ ಡಾಕ್ಟರಾಗಬಾರದೆಂದು ಯಾವ ಕಾನೂನೂ ಇಲ್ಲ. ಆದರೂ ಮಕ್ಕಳು ಪಿ.ಯು. ವಿಜ್ಞಾನಕ್ಕೆ ಸೇರಿದೊಡನೆ ತಂದೆ ಕೋಚಿಂಗ್ ಶುಲ್ಕಕ್ಕಾಗಿ ಬಡ್ಡಿಯವನ ಬಾಗಿಲು ತಟ್ಟುತ್ತಾನೆ. ಇದು ಅನಿವಾರ್ಯವೆ?

ನೀಟ್ ಪರೀಕ್ಷೆಗೆ ಒಟ್ಟು 720 ಅಂಕ. ಅದರಲ್ಲಿ 360, ಅಂದರೆ ಸರಿಯಾಗಿ ಅರ್ಧ, ಜೀವಶಾಸ್ತ್ರಕ್ಕೆ. ಉಳಿದರ್ಧ ಭೌತಶಾಸ್ತ್ರ, ರಸಾಯನಶಾಸ್ತ್ರಗಳಿಗೆ ಸಮಪಾಲು. ಕಾಲೇಜಿನಲ್ಲಿ ಕಲಿಸುವ ಎನ್.ಸಿ.ಇ.ಆರ್.ಟಿ. ಪುಸ್ತಕಗಳೇ ಇದಕ್ಕೆ ಬುನಾದಿ. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. 2017ರಿಂದ ಈ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದಾಗಿದೆ.

ವಿದ್ಯಾರ್ಥಿಗಳೇ, ಈ ಎರಡು ವರ್ಷಗಳನ್ನು ಪೋಲು ಮಾಡಬೇಡಿ. ಅಂದಿನ ಪಾಠವನ್ನು ಅಂದೇ ಓದಿ. ತಿಳಿಯದ್ದನ್ನು ಉಪನ್ಯಾಸಕರಲ್ಲಿ ಸಂಕೋಚವಿಲ್ಲದೆ ಕೇಳಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ನಾಲ್ವರು ಕೂಡಿ ಬಿಡಿಸಿ. ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ರಾಜ್ಯದ ಸೀಟುಗಳಲ್ಲಿ ಮೀಸಲು ಉಂಟು. ಆ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಡಿ.

ಆದರೆ ಉಪನ್ಯಾಸಕರೇ ಇಲ್ಲದ ಕಡೆ ಕೇಳುವುದು ಯಾರನ್ನು? ಬೀಗ ಜಡಿದ ಪ್ರಯೋಗಾಲಯದಲ್ಲಿ ಕಲಿಯುವುದು ಏನನ್ನು? ಕೋಚಿಂಗ್ ವ್ಯಾಪಾರ ಕೊಬ್ಬುವುದು ಈ ಕೊರತೆಯಿಂದಲೇ. ಸರಕಾರಿ ಕಾಲೇಜಿನ ಖಾಲಿ ಹುದ್ದೆ ತುಂಬುವುದು ಸರಕಾರದ ಹೊಣೆ. ಅದನ್ನು ಕೇಳುವುದು ನಮ್ಮ ಹಕ್ಕು. ತಂದೆತಾಯಿಗಳು ಬಡ್ಡಿಯವನ ಬಾಗಿಲಿಗೆ ಒಬ್ಬೊಬ್ಬರಾಗಿ ಹೋಗುವ ಮುನ್ನ ಪ್ರಾಂಶುಪಾಲರ ಬಾಗಿಲಿಗೆ ಒಟ್ಟಾಗಿ ಹೋಗಲಿ. ಅಲ್ಲಿ ಉತ್ತರ ಸಿಗದಿದ್ದರೆ ಶಾಸಕರ ಬಾಗಿಲಿಗೆ.