ಟಿಕ್ ಟಿಕ್ ಸರಿ, ಯಾವಾಗ?

ಸದ್ದುಗಳ ವಿಷಯದಲ್ಲಿ ಕನ್ನಡಕ್ಕೆ ಬಡತನವಿಲ್ಲ. ಗಡಗಡ, ಕಿರಕಿರ, ಗೊರಗೊರ, ಚಟಪಟ. ಶಾಲೆಯಲ್ಲಿ ಅನುಕರಣಾವ್ಯಯ ಅಂತ ಬಾಯಿಪಾಠ ಮಾಡಿದ್ದು ನೆನಪಿರಬಹುದು. ಪುಣೆಯ ಗ್ಯಾರೇಜಿನಲ್ಲಿ ನಿಂತಾಗ ಮಾತ್ರ ಈ ಸಂಪತ್ತು ಉಪಯೋಗಕ್ಕೆ ಬರುವುದಿಲ್ಲ. ಹಿಂದಿಯಲ್ಲಿ ‘ಕುಛ್ ಆವಾಜ್ ಆ ರಹಾ ಹೈ’ ಎನ್ನುವಷ್ಟರಲ್ಲೇ ನಮ್ಮ ಶಬ್ದಭಂಡಾರ ಖಾಲಿ. ಬೇಸರ ಬೇಡ. ಸದ್ದು ಹೇಗಿದೆ ಎನ್ನುವುದಕ್ಕಿಂತ ಯಾವಾಗ ಬರುತ್ತದೆ ಎನ್ನುವುದೇ ಮುಖ್ಯ. ಒಳ್ಳೆಯ ಮೆಕ್ಯಾನಿಕ್ ಕೇಳುವ ಮೊದಲ ಪ್ರಶ್ನೆಯೂ ಅದೇ: ‘ಕಧೀ ಯೇತೋ?’

ನನ್ನ ಕಾರಿಗೆ ಎಂಟು ವರ್ಷ. ತಾನೇ ಉಷ್ಣತೆ ನೋಡಿಕೊಳ್ಳುವ ಎಸಿ ಇದೆ. ಈ ಮೇ ತಿಂಗಳಲ್ಲಿ ಡ್ಯಾಶ್‌ಬೋರ್ಡ್ ಹಿಂದಿನಿಂದ ಗೋಡೆ ಗಡಿಯಾರದಂತೆ ಟಿಕ್ ಟಿಕ್ ಶುರುವಾಯಿತು. ತೋರಿಸಿದ ಒಂದು ಕಡೆ ಅರ್ಧ ನಿಮಿಷ ಕಿವಿಗೊಟ್ಟು, ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು, ಒಳಗಿನ ಪೆಟ್ಟಿಗೆಯನ್ನೇ ಬದಲಿಸಬೇಕು ಅಂತ 22,000 ರೂಪಾಯಿಯ ಅಂದಾಜು ಪಟ್ಟಿ ಕೊಟ್ಟರು. ಒಂದು ದಿನ ಯೋಚಿಸಿ ಹೇಳುತ್ತೇನೆ ಎಂದು ಬಂದೆ. ಮರುದಿನ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಕುಳಿತು ಮಾಡಿದ ಪರೀಕ್ಷೆಯನ್ನು ನೀವೂ ಮಾಡಬಹುದು. ಹತ್ತು ನಿಮಿಷ ಸಾಕು, ಸ್ಕ್ರೂಡ್ರೈವರ್ ಕೂಡ ಬೇಡ.

ಅದಕ್ಕೆ ಮೊದಲು ಒಳಗೇನಿದೆ ಎಂದು ತಿಳಿದಿರಲಿ. ಡ್ಯಾಶ್‌ಬೋರ್ಡ್ ಹಿಂದೆ ಒಂದು ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ. ಅದರಲ್ಲಿ ಗಾಳಿ ತಣ್ಣಗಾಗುವ ಸುರುಳಿ, ಬಿಸಿಯಾಗುವ ಸುರುಳಿ ಎರಡೂ ಇರುತ್ತವೆ. ನಡುವೆ ಕಿಟಕಿಯ ಕದದಂಥ ರೆಕ್ಕೆಗಳು. ಒಂದು ರೆಕ್ಕೆ ಬಿಸಿ–ತಣ್ಣನೆ ಗಾಳಿಯನ್ನು ಬೆರೆಸುತ್ತದೆ. ಇನ್ನೊಂದು ಗಾಳಿಯನ್ನು ಮುಖಕ್ಕೋ ಕಾಲಿಗೋ ಗಾಜಿಗೋ ಕಳಿಸುತ್ತದೆ. ಮತ್ತೊಂದು ಹೊರಗಿನ ಗಾಳಿ ಬೇಕೋ ಒಳಗಿನದೇ ಸಾಕೋ ನೋಡಿಕೊಳ್ಳುತ್ತದೆ. ಹಳೆಯ ಕಾರುಗಳಲ್ಲಿ ನಾವು ಗುಂಡಿ ತಿರುಗಿಸಿದರೆ ತಂತಿ ಎಳೆದು ಇವು ಕದಲುತ್ತವೆ. ಈಚಿನ ಹಲವು ಕಾರುಗಳಲ್ಲಿ ಆ ಕೆಲಸಕ್ಕೆ ಅಂಗೈಯಗಲದ ಪುಟ್ಟ ಮೋಟಾರುಗಳಿವೆ. ಹೆಸರು ಆಕ್ಚುಯೇಟರ್. ಅದರ ಹೊಟ್ಟೆಯಲ್ಲಿರುವುದು ಪ್ಲಾಸ್ಟಿಕ್ಕಿನ ಹಲ್ಲುಗಾಲಿಗಳು. ಒಂದು ಹಲ್ಲು ಮುರಿದರೆ ಗಾಲಿ ಅಲ್ಲೇ ಜಾರುತ್ತದೆ, ಪ್ರತಿ ಜಾರಿಗೊಂದು ಟಿಕ್. ರೆಕ್ಕೆ ಸರಿಯಾದ ಜಾಗ ತಲುಪಿತೆಂಬ ಸುದ್ದಿ ಬಾರದ ಕಾರಣ ಮೋಟಾರು ಪ್ರಯತ್ನ ಬಿಡುವುದಿಲ್ಲ. ಗಡಿಯಾರದಂಥ ಸದ್ದಿನ ಗುಟ್ಟು ಇಷ್ಟೇ.

ಈಗ ಪರೀಕ್ಷೆ. ಎಂಜಿನ್ ಶುರು ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ. ಫ್ಯಾನನ್ನು ಆದಷ್ಟು ಕಡಿಮೆಗೆ ತನ್ನಿ. ಕಾರು ನಿಶ್ಶಬ್ದವಾಗಬೇಕು. ಮೊದಲು ಉಷ್ಣತೆಯನ್ನು ಕನಿಷ್ಠದಿಂದ ಗರಿಷ್ಠಕ್ಕೆ ಒಯ್ದು ಕೇಳಿ. ಆಮೇಲೆ ಗಾಳಿಯ ದಿಕ್ಕು ಬದಲಿಸಿ: ಮುಖ, ಕಾಲು, ಗಾಜು. ಕೊನೆಗೆ ಒಳಗಾಳಿ–ಹೊರಗಾಳಿಯ ಬಟನ್ ಒತ್ತಿ. ಯಾವ ಬಟನ್ನಿಗೆ ಟಿಕ್ ಟಿಕ್ ಉತ್ತರ ಕೊಡುತ್ತದೋ ಆ ರೆಕ್ಕೆಯ ಕಡೆ ತೊಂದರೆಯಿದೆ. ಚಾಲಕನಿಗೂ ಪಕ್ಕದವರಿಗೂ ಬೇರೆ ಬೇರೆ ಉಷ್ಣತೆ ಇಡುವ ಕಾರಾದರೆ ಎರಡನ್ನೂ ಪ್ರತ್ಯೇಕವಾಗಿ ನೋಡಿ. ನನ್ನ ಕಾರಿನಲ್ಲಿ ಉತ್ತರ ಕೊಟ್ಟಿದ್ದು ಉಷ್ಣತೆಯ ಬಟನ್ ಒಂದೇ.

ಬೇರೆ ಟಿಕ್ ಟಿಕ್‌ಗಳೂ ಇವೆ. ಫ್ಯಾನ್ ಜೋರು ಮಾಡಿದಂತೆ ಸದ್ದೂ ಚುರುಕಾದರೆ ಫ್ಯಾನಿಗೆ ಒಣ ಎಲೆಯೋ, ಇಲಿ ಕಚ್ಚಿ ತಂದ ಕಾಗದವೋ ತಾಗುತ್ತಿರಬಹುದು. ಅದನ್ನು ತೆಗೆದು ಶುಚಿ ಮಾಡಿದರೆ ಮುಗಿಯಿತು. ಎಂಜಿನ್ ವೇಗದೊಂದಿಗೆ ಸದ್ದು ಏರಿಳಿದರೆ ಕಾರಣವನ್ನು ಬಾನೆಟ್ ಕೆಳಗೆ ಹುಡುಕಬೇಕು. ಎಸಿ ಓಡುವಾಗ ಆಗಾಗ ಬಾನೆಟ್ ಕಡೆಯಿಂದ ಒಂದೇ ಒಂದು ‘ಟಕ್’ ಕೇಳಿಸಿದರೆ ಅದು ಕಂಪ್ರೆಸರಿನ ಕ್ಲಚ್ ಹಿಡಿಯುವ ಸಹಜ ಸದ್ದು. ಕಾರು ನಿಲ್ಲಿಸಿದ ಮೇಲೆ ಕೆಳಗಿನಿಂದ ಬರುವ ಟಿಣ್ ಟಿಣ್, ಕಾದ ಲೋಹ ತಣಿದು ಕುಗ್ಗುವುದು. ಅದಕ್ಕೂ ಚಿಂತೆ ಬೇಡ.

ಆಕ್ಚುಯೇಟರ್ ಎಂದು ಖಚಿತವಾದರೂ ಖರ್ಚನ್ನು ತೀರ್ಮಾನಿಸುವ ಪ್ರಶ್ನೆ ಇನ್ನೊಂದಿದೆ. ಮುರಿದಿರುವುದು ಮೋಟಾರೋ ರೆಕ್ಕೆಯೋ? ಮೋಟಾರನ್ನು ಬಿಚ್ಚಿ, ರೆಕ್ಕೆಯ ತುದಿಯನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ ನೋಡುವಂತೆ ಮೆಕ್ಯಾನಿಕ್‌ಗೆ ಹೇಳಿ. ಎರಡೂ ಕೊನೆಯವರೆಗೆ ಹಗುರವಾಗಿ ತಿರುಗಿದರೆ ರೆಕ್ಕೆ ಸರಿಯಿದೆ, ಮೋಟಾರು ಬದಲಿಸಿದರೆ ಸಾಕು. ಬಿಗಿದುಕೊಂಡಿದ್ದರೆ ಹೊಸ ಮೋಟಾರಿನ ಹಲ್ಲೂ ಬೇಗ ಮುರಿಯುತ್ತದೆ. ಆಗ ಮಾತ್ರ ಪೆಟ್ಟಿಗೆಯ ಒಳಗೆ ನೋಡುವ, ಡ್ಯಾಶ್‌ಬೋರ್ಡ್ ಇಳಿಸುವ ಮಾತಿಗೆ ಅರ್ಥ. ಕೆಲವು ಕಾರುಗಳಲ್ಲಿ ಮೋಟಾರು ಗ್ಲೋವ್ ಬಾಕ್ಸ್ ತೆಗೆದರೆ ಕೈಗೆ ಸಿಗುತ್ತದೆ, ಕೆಲವದರಲ್ಲಿ ತೀರಾ ಇಕ್ಕಟ್ಟು. ಸ್ವಂತ ಕೈ ಹಾಕುವವರು ಏರ್‌ಬ್ಯಾಗಿನ ಹಳದಿ ಕನೆಕ್ಟರುಗಳ ಗೋಜಿಗೆ ಹೋಗಬೇಡಿ. ಹೊಸದನ್ನು ಕೂರಿಸಿದ ಮೇಲೆ ರೆಕ್ಕೆಯ ಎರಡು ಕೊನೆಗಳನ್ನು ಕಾರಿಗೆ ಮತ್ತೆ ಕಲಿಸಿಕೊಡಬೇಕಾಗಬಹುದು. ಕೆಲವು ಕಾರು ತಾನೇ ಕಲಿಯುತ್ತದೆ, ಕೆಲವಕ್ಕೆ ಸ್ಕ್ಯಾನರ್ ಬೇಕು. ನನ್ನ ಕಾರಿನಲ್ಲಿ ರೆಕ್ಕೆ ಹಗುರವಾಗಿಯೇ ತಿರುಗಿತು. ಬೇರೊಂದು ಸಣ್ಣ ಗ್ಯಾರೇಜಿನಲ್ಲಿ ಮೋಟಾರೊಂದನ್ನೇ ಬದಲಿಸಿದರು, ಡ್ಯಾಶ್‌ಬೋರ್ಡ್ ಅಲುಗಲಿಲ್ಲ.

ಸದ್ದು ತಾನೇ, ಹಾಡು ಹಾಕಿಕೊಂಡರೆ ಕೇಳಿಸುವುದಿಲ್ಲ ಎನ್ನುವವರಿದ್ದಾರೆ. ಬಿಸಿ–ತಣ್ಣನೆಯ ರೆಕ್ಕೆ ಕೆಟ್ಟರೆ ಸೆಖೆ ಸಹಿಸಿಕೊಳ್ಳಬಹುದು, ನಿಜ. ಆದರೆ ದಿಕ್ಕಿನ ರೆಕ್ಕೆ ಕಾಲಿನ ಕಡೆಗೇ ಸಿಕ್ಕಿಕೊಂಡಿತೆನ್ನಿ. ಜುಲೈ ಮಳೆಯಲ್ಲಿ ಊರಿಗೆ ಹೊರಟು ಖಂಬಾಟಕಿ ಘಾಟ್ ಹತ್ತುವಾಗ ಎದುರಿನ ಗಾಜಿಗೆ ಒಳಗಿನಿಂದ ಮಂಜು ಕಟ್ಟಿದರೆ, ಅದನ್ನು ಒರೆಸಬೇಕಾದ ಒಣಗಾಳಿ ಗಾಜಿಗೆ ತಲುಪುವುದೇ ಇಲ್ಲ. ಹೊರಗಾಳಿಯ ರೆಕ್ಕೆ ಮುಚ್ಚಿಕೊಂಡೇ ಉಳಿದರೆ, ಎಸಿ ಹಾಕದಿದ್ದಾಗ ನಮ್ಮದೇ ಉಸಿರಿನ ತೇವ ಒಳಗೇ ಸುತ್ತಿ ಗಾಜನ್ನು ಇನ್ನಷ್ಟು ಮಬ್ಬು ಮಾಡುತ್ತದೆ. ಲಾರಿಗಳ ನಡುವೆ ಒಂದು ಕೈಯಲ್ಲಿ ಬಟ್ಟೆ ಹಿಡಿದು ಗಾಡಿ ಓಡಿಸುವುದು ಯಾರಿಗೂ ಬೇಡ. ಹಾಗಾಗಿ ಈ ಪರೀಕ್ಷೆ ಮಳೆಗಾಲಕ್ಕೆ ಮೊದಲೇ ಆಗಲಿ.

ಗ್ಯಾರೇಜಿಗೆ ಹೋದಾಗ ಒಂದು ವಾಕ್ಯ ಸಾಕು: ‘ಇಂಜನ್ ಬಂದ್ ಹೈ, ಫಿರ್ ಭೀ ಟೆಂಪರೇಚರ್ ಬದಲ್ನೇ ಪರ್ ಟಿಕ್ ಟಿಕ್ ಆತಾ ಹೈ.’ ಹೀಗೆ ಹೇಳುವ ಗಿರಾಕಿಗೆ ಕಂಪ್ರೆಸರ್ ಮಾರುವುದು ಕಷ್ಟ. ಟಿಕ್ ಟಿಕ್ ಅನ್ನುವುದನ್ನು ಮಾತ್ರ ಅನುವಾದ ಮಾಡಬೇಕಿಲ್ಲ, ಅದು ಎಲ್ಲರಿಗೂ ಅರ್ಥವಾಗುತ್ತದೆ.